ಮನೆಗೆ ಬೀಗ ಹಾಕಿ ಊರಿಗೆ ಹೊರಡುವ ಮುನ್ನ: ಬೀಗದಷ್ಟೇ ಮುಖ್ಯ ವಿಮೆಯ ಕಾಗದ



ಶಾಲೆಗಳಿಗೆ ಬೇಸಿಗೆ ರಜೆ ಸಿಕ್ಕಿದ ಕೂಡಲೇ ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ಕರಾವಳಿಯ ಕುಟುಂಬಗಳು ಊರಿನ ದಾರಿ ಹಿಡಿಯುತ್ತವೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಡಿಸೆಂಬರಿನ ಕ್ರಿಸ್ಮಸ್, ಜನವರಿಯ ಅತ್ತೂರು ಜಾತ್ರೆ, ನಡುವೆ ಮದುವೆ, ರೋಸ್, ಹೊಸ ಮನೆಯ ಆಶೀರ್ವಾದ ಹೀಗೆ ವರ್ಷದಲ್ಲಿ ನಾಲ್ಕಾರು ಬಾರಿಯಾದರೂ ಮನೆಗೆ ಬೀಗ ಬೀಳುತ್ತದೆ. ಗೋವಿಂದರಾಜನಗರ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ, ಕೆಂಗೇರಿ ಕಡೆಯ ಮನೆಗಳು ಹೆಚ್ಚಾಗಿ ಗೋಡೆಗೆ ಗೋಡೆ ತಾಗಿಕೊಂಡೇ ಇವೆ. ಕೆಳಗೆ ಮಾಲೀಕರು, ಮೇಲಿನ ಮಹಡಿಗಳಲ್ಲಿ ಎರಡು ಮೂರು ಬಾಡಿಗೆ ಸಂಸಾರಗಳು. "ಇಷ್ಟು ಜನ ಇರುವ ಬೀದಿಯಲ್ಲಿ ಏನು ಭಯ?" ಎಂಬ ಧೈರ್ಯದಿಂದ ನಾವು ಹೊರಡುತ್ತೇವೆ. ಆದರೆ ರಜೆಯಲ್ಲಿ ಆ ಸಂಸಾರಗಳೂ ಊರಿಗೆ ಹೋಗಿರುತ್ತವೆ ಎಂಬುದನ್ನು ಮರೆಯುತ್ತೇವೆ.

ಬೀಗದ ವಿಷಯದಲ್ಲಿ ಎಲ್ಲರೂ ಜಾಗ್ರತೆ ವಹಿಸುತ್ತಾರೆ. ವಿಮೆಯ ವಿಷಯ ಹಾಗಲ್ಲ. "ಬ್ಯಾಂಕಿನವರು ಸಾಲ ಕೊಡುವಾಗ ಇನ್ಶೂರೆನ್ಸ್ ಮಾಡಿಸಿದ್ದಾರೆ" ಎಂದು ಹೇಳುವವರು ಬಹಳ. ಆ ಪಾಲಿಸಿಯನ್ನು ತೆರೆದು ಓದಿದವರು ಕಡಿಮೆ. ಮಗಳ ಮದುವೆಗೆಂದು ವರ್ಷಗಟ್ಟಲೆ ಕೂಡಿಟ್ಟ ಚಿನ್ನ ಹೋದ ಮೇಲೆ "ನಿಮ್ಮ ಪಾಲಿಸಿಯಲ್ಲಿ ಇದಕ್ಕೆ ರಕ್ಷಣೆ ಇಲ್ಲ" ಎಂಬ ಉತ್ತರ ಬಂದರೆ ಅದು ಎರಡನೆಯ ನಷ್ಟ. ಮೊದಲನೆಯ ನಷ್ಟ ಕಳ್ಳನಿಂದ, ಎರಡನೆಯದು ನಮ್ಮದೇ ಅಲಕ್ಷ್ಯದಿಂದ. ಈ ಎರಡನ್ನೂ ತಡೆಯಲು ಬೇಕಾದ ಮಾಹಿತಿಯನ್ನು ಇಲ್ಲಿ ಕೊಡಲಾಗಿದೆ.

ಮನೆಯಲ್ಲಿ ಯಾರೂ ಇಲ್ಲವೆಂದು ಹೇಗೆ ಗೊತ್ತಾಗುತ್ತದೆ?

ಕಳ್ಳನು ಮನೆಯೊಳಗೆ ಇಣುಕಿ ನೋಡಬೇಕಾಗಿಲ್ಲ. ಬೀದಿಯಲ್ಲಿ ನಡೆದು ಹೋದರೆ ಸಾಕು. ಅಕ್ಕಪಕ್ಕದ ಬಾಗಿಲುಗಳ ಮುಂದೆ ಬೆಳಿಗ್ಗೆ ನೀರು ಹಾಕಿ ರಂಗೋಲಿ ಬಿಟ್ಟಿರುವಾಗ ಒಂದು ಅಂಗಳ ಮಾತ್ರ ಮೂರು ದಿನದಿಂದ ಒಣಗಿರುತ್ತದೆ. ಗೇಟಿನಲ್ಲಿ ದಿನಪತ್ರಿಕೆಗಳು ಸಿಕ್ಕಿಕೊಂಡಿರುತ್ತವೆ, ಹಾಲಿನ ಪ್ಯಾಕೆಟ್ಟಿನ ಚೀಲ ತೂಗುತ್ತಿರುತ್ತದೆ. ಹೊರಗಿನ ದೀಪ ಹಗಲಲ್ಲೂ ಉರಿಯುತ್ತಿರುತ್ತದೆ. ಕ್ರಿಸ್ಮಸ್ ಸಮಯದಲ್ಲಿ ನಮ್ಮವರ ಮನೆಗೆ ಇನ್ನೊಂದು ಗುರುತು ಇದೆ: ಹಗಲೂ ರಾತ್ರಿ ಉರಿಯುತ್ತಲೇ ಇರುವ ನಕ್ಷತ್ರ. ಇವೆಲ್ಲ "ಮನೆಯಲ್ಲಿ ಯಾರೂ ಇಲ್ಲ" ಎಂದು ಬರೆದ ಬೋರ್ಡಿದ್ದಂತೆ.

ಪರಿಹಾರಗಳು ಸರಳ. ಪತ್ರಿಕೆ ಮತ್ತು ಹಾಲನ್ನು ಹೊರಡುವ ಹಿಂದಿನ ದಿನವೇ ನಿಲ್ಲಿಸಿ. ಅಂಗಳ ಗುಡಿಸಲು ಮತ್ತು ಗಿಡಗಳಿಗೆ ನೀರು ಹಾಕಲು ನಂಬಿಕೆಯ ನೆರೆಯವರಿಗೆ ಹೇಳಿ. ದೀಪಕ್ಕೆ ಮತ್ತು ನಕ್ಷತ್ರಕ್ಕೆ ಟೈಮರ್ ಸ್ವಿಚ್ ಹಾಕಿದರೆ ಸಂಜೆ ಹತ್ತಿ ರಾತ್ರಿ ಆರುತ್ತದೆ. ಪ್ರವಾಸದ ಚಿತ್ರಗಳನ್ನು ಫೇಸ್‌ಬುಕ್ಕಿಗೂ ವಾಟ್ಸಾಪ್ ಸ್ಟೇಟಸ್ಸಿಗೂ ಮನೆಗೆ ಮರಳಿದ ನಂತರ ಹಾಕಿದರೆ ಸಂತೋಷವೇನೂ ಕಡಿಮೆಯಾಗುವುದಿಲ್ಲ.

ಬೀಗ ಮತ್ತು ಕೀಲಿ

ಬಾಗಿಲ ಹೊರಗೆ ತೂಗುವ ಬೀಗ ಮನೆ ಖಾಲಿ ಎಂದು ದೂರದಿಂದಲೇ ಸಾರುತ್ತದೆ. ಮರದ ಬಾಗಿಲೊಳಗೆ ಕೂತುಕೊಳ್ಳುವ ಲಾಕ್ ಉತ್ತಮ. ಅದರ ಮುಂದೆ ಕಬ್ಬಿಣದ ಗ್ರಿಲ್ ಬಾಗಿಲಿದ್ದರೆ ಇನ್ನೂ ಉತ್ತಮ. ತಾರಸಿಯ ಬಾಗಿಲನ್ನು ಮರೆಯಬೇಡಿ. ಮನೆಗಳು ಅಂಟಿಕೊಂಡಿರುವ ಬೀದಿಗಳಲ್ಲಿ ಒಂದು ತಾರಸಿಯಿಂದ ಇನ್ನೊಂದಕ್ಕೆ ದಾಟುವುದು ಕಷ್ಟವಲ್ಲ. ಸ್ನಾನದ ಮನೆಯ ಗಾಜಿನ ಪಟ್ಟಿಗಳನ್ನೂ ಅಡುಗೆಮನೆಯ ಹಿಂಬಾಗಿಲಿನ ಚಿಲಕವನ್ನೂ ನೋಡಿ. ಸಿಸಿ ಕ್ಯಾಮೆರಾ ಇದ್ದರೆ ಅದರ ರೆಕಾರ್ಡಿಂಗ್ ಪೆಟ್ಟಿಗೆಯನ್ನು ಟಿವಿಯ ಪಕ್ಕದಲ್ಲಿ ಇಡಬೇಡಿ. ಕಳ್ಳರು ಅದನ್ನೇ ಹೊತ್ತುಕೊಂಡು ಹೋದರೆ ಸಾಕ್ಷ್ಯವೂ ಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯ: ಹೂಕುಂಡದ ಕೆಳಗೆ, ಕರೆಂಟ್ ಮೀಟರಿನ ಪೆಟ್ಟಿಗೆಯಲ್ಲಿ, ಚಪ್ಪಲಿ ಸ್ಟ್ಯಾಂಡಿನಲ್ಲಿ ಕೀಲಿ ಇಡುವ ಅಭ್ಯಾಸವನ್ನು ಇಂದೇ ಬಿಡಿ. ಇದರಿಂದ ಕಳ್ಳನಿಗೆ ಅನುಕೂಲವಾಗುವುದಷ್ಟೇ ಅಲ್ಲ, ವಿಮೆಯ ಹಣವೂ ಕೈತಪ್ಪಬಹುದು. ಹೇಗೆಂದು ಮುಂದೆ ನೋಡೋಣ.

ಪೊಲೀಸ್ ಠಾಣೆಗೆ ತಿಳಿಸುವುದು

ಊರಿಗೆ ಹೋಗುವವರು ತಮ್ಮ ವ್ಯಾಪ್ತಿಯ ಠಾಣೆಗೆ ತಿಳಿಸಬೇಕೆಂದು ಪೊಲೀಸರು ರಜೆಯ ದಿನಗಳಲ್ಲಿ ವಿನಂತಿಸುತ್ತಿರುತ್ತಾರೆ. ಇದರಲ್ಲಿ ಸಂಕೋಚ ಬೇಡ. ಮನೆಯ ವಿಳಾಸ, ಹೊರಡುವ ಮತ್ತು ಮರಳುವ ದಿನಾಂಕ, ನಿಮ್ಮ ಫೋನ್ ನಂಬರು, ಹತ್ತಿರದಲ್ಲಿರುವ ಒಬ್ಬರ ನಂಬರು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಬೀಟ್ ಪೊಲೀಸರು ಗಸ್ತಿನ ವೇಳೆ ಆ ಕಡೆ ಗಮನ ಹರಿಸಲು ಸಾಧ್ಯ. ಕೊಟ್ಟ ಪತ್ರದ ಪ್ರತಿಗೆ ಠಾಣೆಯ ಮೊಹರು ಹಾಕಿಸಿಕೊಂಡರೆ, ನೀವು ಜಾಗ್ರತೆ ವಹಿಸಿದ್ದಿರಿ ಎಂಬುದಕ್ಕೆ ಅದೂ ಒಂದು ದಾಖಲೆ. ತುರ್ತು ಸಹಾಯಕ್ಕೆ 112.

ನಿಮ್ಮ ಕೈಯಲ್ಲಿರುವ ಪಾಲಿಸಿ ಯಾವುದು?

ಗೃಹಸಾಲದ ಜೊತೆ ಬರುವ ವಿಮೆಗಳಲ್ಲಿ ಎರಡು ಬಗೆ ಇವೆ. ಒಂದು, ಸಾಲಗಾರ ತೀರಿಕೊಂಡರೆ ಉಳಿದ ಸಾಲವನ್ನು ತೀರಿಸುವ ಜೀವವಿಮೆ. ಮನೆಗೂ ಅದಕ್ಕೂ ಸಂಬಂಧವಿಲ್ಲ. ಇನ್ನೊಂದು, ಕಟ್ಟಡಕ್ಕೆ ಮಾಡಿಸಿದ ವಿಮೆ. ಅದರಲ್ಲಿಯೂ ಎಷ್ಟೋ ಬಾರಿ ಗೋಡೆ, ಸೂರು ಮಾತ್ರ ಸೇರಿರುತ್ತವೆ. ಒಳಗಿನ ಸಾಮಾನು ಸೇರಿರುವುದಿಲ್ಲ. ಆದ್ದರಿಂದ ಹೊರಡುವ ಮುನ್ನ ಪಾಲಿಸಿಯನ್ನು ತೆರೆದು ಮೂರು ಪ್ರಶ್ನೆ ಕೇಳಿಕೊಳ್ಳಿ. ಕಟ್ಟಡಕ್ಕೆ ಎಷ್ಟು? ಸಾಮಾನಿಗೆ ಎಷ್ಟು? ಕನ್ನಗಳವು ಎಂಬ ಶಬ್ದ ಎಲ್ಲಿಯಾದರೂ ಇದೆಯೇ?

ಭಾರತ್ ಗೃಹ ರಕ್ಷಾ

ವಿಮಾ ನಿಯಂತ್ರಣ ಪ್ರಾಧಿಕಾರವು ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ನಮೂನೆಯ ಮನೆವಿಮೆ ಕೊಡಬೇಕೆಂದು ವಿಧಿಸಿ, 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಪಾಲಿಸಿಯನ್ನು ಜಾರಿಗೆ ತಂದಿತು. ಬೆಂಕಿ, ಸ್ಫೋಟ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಮರ ಅಥವಾ ವಾಹನ ಬಡಿದು ಆಗುವ ಹಾನಿ, ಗಲಭೆ, ನೀರಿನ ಟ್ಯಾಂಕು ಮತ್ತು ಪೈಪು ಒಡೆದು ಆಗುವ ಹಾನಿ ಇವೆಲ್ಲ ಇದರಲ್ಲಿ ಸೇರಿವೆ.

ಇಲ್ಲಿ ವಿಮೆ ಮಾಡುವುದು ಕಟ್ಟಡವನ್ನು ಮತ್ತೆ ಕಟ್ಟಲು ತಗಲುವ ವೆಚ್ಚಕ್ಕೆ. ನಿವೇಶನದ ಬೆಲೆಗೆ ಅಲ್ಲ. ಉದಾಹರಣೆಗೆ ಲೆಕ್ಕ ಮಾಡೋಣ: 1,000 ಚದರ ಅಡಿಯ ಮನೆಗೆ ಅಡಿಗೆ 2,000 ರೂಪಾಯಿ ವೆಚ್ಚ ಎಂದಿಟ್ಟುಕೊಂಡರೆ ವಿಮಾ ಮೊತ್ತ 20 ಲಕ್ಷ. ಸಾಮಾನ್ಯ ಗೃಹೋಪಯೋಗಿ ಸಾಮಾನುಗಳಿಗೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು ರಕ್ಷಣೆ ತಾನಾಗಿಯೇ ಸಿಗುತ್ತದೆ, ಅಂದರೆ ಈ ಲೆಕ್ಕದಲ್ಲಿ 4 ಲಕ್ಷ. ಅದರ ಮಿತಿ 10 ಲಕ್ಷ. ಹೆಚ್ಚು ಬೇಕಿದ್ದರೆ ಪಟ್ಟಿ ಕೊಟ್ಟು ಪಡೆಯಬಹುದು.

ನೆರೆಯ ರಕ್ಷಣೆ ಪಶ್ಚಿಮ ಬೆಂಗಳೂರಿನವರಿಗೆ ಬೇಡವೆಂದು ತಿಳಿಯಬೇಡಿ. ವೃಷಭಾವತಿ ಕಣಿವೆಯ ಮಗ್ಗುಲಲ್ಲಿರುವ ತಗ್ಗಿನ ಬಡಾವಣೆಗಳಿಗೆ ರಾಜಕಾಲುವೆಯ ನೀರು ನುಗ್ಗುವುದು ಹೊಸದಲ್ಲ. ರಾಜಾಜಿನಗರಕ್ಕೆ ಸಮೀಪದ ಕುರುಬರಹಳ್ಳಿಯಲ್ಲಿ 2017ರ ಅಕ್ಟೋಬರಿನ ಮಳೆಗೆ ಕಾಲುವೆ ಉಕ್ಕಿ ಜನರೇ ಕೊಚ್ಚಿಹೋದರು.

ಒಂದು ಹೊರತು ನೆನಪಿಡಿ. ವಿದ್ಯುತ್ ಏರುಪೇರು ಅಥವಾ ಶಾರ್ಟ್ ಸರ್ಕ್ಯೂಟಿನಿಂದ ಟಿವಿ, ಫ್ರಿಡ್ಜ್ ಸುಟ್ಟರೆ, ಅದು ಸಿಡಿಲಿನ ದೆಸೆಯಿಂದಲೇ ಆಗಿದ್ದರೂ, ಆ ಯಂತ್ರಕ್ಕೆ ಈ ಪಾಲಿಸಿಯಲ್ಲಿ ಪರಿಹಾರವಿಲ್ಲ. ಅದರಿಂದ ಬೆಂಕಿ ಹರಡಿ ಬೇರೆ ಸಾಮಾನು ಸುಟ್ಟರೆ ಅದಕ್ಕೆ ಇದೆ. ಹೀಗಾಗಿ ಹೊರಡುವಾಗ ಎಲ್ಲ ಪ್ಲಗ್ಗುಗಳನ್ನು ತೆಗೆಯುವುದೇ ಒಳ್ಳೆಯ ವಿಮೆ.

ಕಳ್ಳತನಕ್ಕೆ ಬೇರೆಯೇ ರಕ್ಷಣೆ ಬೇಕು

ಹೆಚ್ಚಿನವರು ಎಡವುವುದು ಇಲ್ಲಿಯೇ. ಭಾರತ್ ಗೃಹ ರಕ್ಷಾ ಪಾಲಿಸಿಯ ಮೂಲ ರೂಪದಲ್ಲಿ ಕಳ್ಳತನಕ್ಕೆ ಪರಿಹಾರ ಸಿಗುವುದು, ಬೆಂಕಿ, ನೆರೆಯಂಥ ಘಟನೆ ನಡೆದು, ಅದರ ಕಾರಣದಿಂದ 7 ದಿನಗಳೊಳಗೆ ಕಳವಾದರೆ ಮಾತ್ರ. ಊರಿಗೆ ಹೋದಾಗ ಬಾಗಿಲು ಮುರಿದು ಕದ್ದರೆ ಮೂಲ ಪಾಲಿಸಿ ಸಾಲದು. ಕನ್ನಗಳವಿನ ರಕ್ಷಣೆಯನ್ನು ಹೆಚ್ಚುವರಿಯಾಗಿ ಸೇರಿಸಿಕೊಳ್ಳಬೇಕು ಅಥವಾ ಅದು ಸೇರಿರುವ ಗೃಹಸ್ಥರ ಪಾಲಿಸಿ ತೆಗೆದುಕೊಳ್ಳಬೇಕು.

ಆ ರಕ್ಷಣೆ ಇದ್ದರೂ ಅದರ ವ್ಯಾಖ್ಯೆ ಮುಖ್ಯ. ಕನ್ನಗಳವು ಎಂದರೆ ಬಲಪ್ರಯೋಗದಿಂದ ಒಳನುಗ್ಗಿ ಮಾಡಿದ ಕಳ್ಳತನ ಎಂದು ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಬರೆದಿರುತ್ತದೆ. ಯುನೈಟೆಡ್ ಇಂಡಿಯಾ ಇನ್ಶೂರೆನ್ಸ್ ಮತ್ತು ಹರ್‌ಚಂದ್ ರಾಯ್ ಚಂದನ್ ಲಾಲ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2004ರಲ್ಲಿ ಇದನ್ನೇ ಎತ್ತಿಹಿಡಿಯಿತು. ಪಾಲಿಸಿಯಲ್ಲಿ ಬಲಪ್ರಯೋಗ ಎಂಬ ಶಬ್ದವಿದ್ದರೆ ಬಲಪ್ರಯೋಗವಿಲ್ಲದ ಕಳ್ಳತನಕ್ಕೆ ಹಣ ಸಿಗದು. ಪಾಲಿಸಿಯ ಶಬ್ದಗಳನ್ನು ಇದ್ದಂತೆಯೇ ಓದಬೇಕು ಎಂಬುದು ತೀರ್ಪಿನ ಸಾರ.

ಈಗ ಹೂಕುಂಡದ ಕೀಲಿಗೆ ಬರೋಣ. ಒಂದೇ ಬೀದಿಯ ಎರಡು ಮನೆಗಳನ್ನು ಊಹಿಸಿಕೊಳ್ಳಿ. ಎರಡಕ್ಕೂ ಕನ್ನಗಳವಿನ ವಿಮೆ ಇದೆ. ಒಂದು ಮನೆಯ ಬಾಗಿಲನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ಕದ್ದಿದ್ದಾರೆ. ಇನ್ನೊಂದರಲ್ಲಿ ಕುಂಡದ ಕೆಳಗಿನ ಕೀಲಿಯಿಂದ ಬಾಗಿಲು ತೆರೆದು ಕದ್ದಿದ್ದಾರೆ. ಮೊದಲನೆಯ ಮನೆಯವರಿಗೆ ಮುರಿದ ಚೌಕಟ್ಟೇ ಸಾಕ್ಷಿ. ಎರಡನೆಯವರಿಗೆ ತೋರಿಸಲು ಏನೂ ಇಲ್ಲ. ಅವರ ಕ್ಲೇಮು ತಿರಸ್ಕೃತವಾಗುವ ಸಂಭವ ಹೆಚ್ಚು. ಮನೆಕೆಲಸದವರು ಅಥವಾ ಮನೆಯಲ್ಲೇ ಇದ್ದವರು ಮಾಡಿದ ಕಳವಿಗೂ ಪಾಲಿಸಿಯಲ್ಲಿ ರಕ್ಷಣೆ ಇದೆಯೇ ಎಂದು ಪ್ರತ್ಯೇಕವಾಗಿ ಕೇಳಿ ತಿಳಿದುಕೊಳ್ಳಿ.

30 ದಿನಗಳ ಷರತ್ತು

ಮನೆ ಸತತವಾಗಿ ಇಷ್ಟು ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ರಕ್ಷಣೆ ನಿಲ್ಲುತ್ತದೆ ಎಂಬ ಷರತ್ತು ಅನೇಕ ಪಾಲಿಸಿಗಳಲ್ಲಿ ಇರುತ್ತದೆ. ಸಾಮಾನ್ಯವಾಗಿ ಕಂಡುಬರುವ ಅವಧಿ 30 ದಿನ. ವಾರದ ಪ್ರವಾಸಕ್ಕೆ ಇದು ಅಡ್ಡಿಯಲ್ಲ. ಆದರೆ ಗಲ್ಫಿನಲ್ಲಿರುವ ಮಗನ ಮನೆಗೆ ಮೂರು ತಿಂಗಳು ಹೋಗುವ ತಂದೆತಾಯಿಗೆ, ಮಗಳ ಬಾಣಂತನಕ್ಕೆ ಹೋಗುವ ಅಮ್ಮನಿಗೆ ಇದು ದೊಡ್ಡ ವಿಷಯ. ಹೊರಡುವ ಮುನ್ನವೇ ಕಂಪನಿಗೆ ಲಿಖಿತವಾಗಿ ತಿಳಿಸಿ ಒಪ್ಪಿಗೆ ಪಡೆಯಿರಿ. ಏಜೆಂಟರ ಬಾಯಿಮಾತು ಸಾಲದು. ಇ-ಮೇಲ್ ಉತ್ತರ ಬೇಕು.

ಕರಾವಳಿಯಲ್ಲಿ ವರ್ಷವಿಡೀ ಬೀಗ ಹಾಕಿರುವ ಊರಿನ ಮನೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹಂಚಿನ ಮಾಡಿನ ಮೇಲೆ ತೆಂಗಿನ ಮರ ಬೀಳುವುದು, ಸಿಡಿಲು ಬಡಿಯುವುದು ಅಲ್ಲಿ ಸಾಮಾನ್ಯ. ಇವೆರಡಕ್ಕೂ ರಕ್ಷಣೆ ಕೊಡುವ ಪಾಲಿಸಿ ಇದ್ದರೂ, ಮನೆ ಖಾಲಿಯಾಗಿದೆ ಎಂಬುದನ್ನು ಮುಚ್ಚಿಟ್ಟು ಮಾಡಿಸಿದರೆ ಉಪಯೋಗಕ್ಕೆ ಬರಲಿಕ್ಕಿಲ್ಲ.

ಚಿನ್ನ, ನಗದು ಮತ್ತು ಲಾಕರು

ಸಾಮಾನ್ಯ ಸಾಮಾನಿನ ರಕ್ಷಣೆಯಲ್ಲಿ ಚಿನ್ನ ಸೇರುವುದಿಲ್ಲ. ಒಡವೆಗಳನ್ನು ಅಮೂಲ್ಯ ವಸ್ತುಗಳೆಂದು ಪಟ್ಟಿಮಾಡಿ, ಬೆಲೆ ನಮೂದಿಸಿ ಬೇರೆಯಾಗಿ ಸೇರಿಸಬೇಕು. ಭಾರತ್ ಗೃಹ ರಕ್ಷಾದಲ್ಲಿ ಒಟ್ಟು 5 ಲಕ್ಷದವರೆಗೆ, ಒಂದೊಂದು ವಸ್ತು 1 ಲಕ್ಷಕ್ಕೆ ಮೀರದಿದ್ದರೆ, ಮೌಲ್ಯಮಾಪನ ಪತ್ರ ಬೇಕಾಗಿಲ್ಲ. ಅದಕ್ಕೆ ಮೇಲ್ಪಟ್ಟರೆ ಬೇಕು. ನಗದು ಹಣ, ಚಿನ್ನದ ಗಟ್ಟಿ, ದಾಖಲೆಪತ್ರಗಳು ಸಾಮಾನ್ಯವಾಗಿ ಹೊರಗೆ. ಮೇಲೆ ಹೇಳಿದಂತೆ, ಈ ಪಟ್ಟಿಯ ಜೊತೆಗೆ ಕನ್ನಗಳವಿನ ರಕ್ಷಣೆಯೂ ಇರಬೇಕು.

ಒಡವೆಗೆ ಸುರಕ್ಷಿತ ಜಾಗ ಬ್ಯಾಂಕಿನ ಲಾಕರು. ಆದರೆ ಲಾಕರಿನಲ್ಲಿಟ್ಟದ್ದಕ್ಕೆಲ್ಲ ಬ್ಯಾಂಕು ಪೂರ್ಣ ಹೊಣೆ ಎಂದು ತಿಳಿಯಬಾರದು. 2022ರ ಜನವರಿ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿಯಮದಂತೆ, ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ. ಬಾಡಿಗೆ 3,000 ರೂಪಾಯಿ ಇದ್ದರೆ ಮಿತಿ 3 ಲಕ್ಷ. ಇಂದಿನ ಚಿನ್ನದ ಬೆಲೆಯಲ್ಲಿ ಇದು ಎಷ್ಟು ಒಡವೆಗೆ ಸಾಕೆಂದು ನೀವೇ ಲೆಕ್ಕ ಹಾಕಿ. ಲಾಕರಿನಲ್ಲಿರುವ ಒಡವೆಗೂ ವಿಮೆ ಕೊಡುವ ಪಾಲಿಸಿಗಳಿವೆ, ಕೇಳಿ ನೋಡಿ.

ಬಾಡಿಗೆ ಮನೆಯವರಿಗೆ

"ನಮ್ಮದು ಬಾಡಿಗೆ ಮನೆ, ನಮಗೇಕೆ ವಿಮೆ?" ಎಂಬ ಪ್ರಶ್ನೆ ಸಹಜ. ಕಟ್ಟಡ ಮಾಲೀಕರದ್ದು, ಸಾಮಾನು ನಿಮ್ಮದು. ಮಾಲೀಕರ ಪಾಲಿಸಿಯಿಂದ ನಿಮ್ಮ ಬೀರುವಿಗೂ ಫ್ರಿಡ್ಜಿಗೂ ಏನೂ ಸಿಗುವುದಿಲ್ಲ. ಬಾಡಿಗೆದಾರರು ಸಾಮಾನಿಗೆ ಮಾತ್ರ ವಿಮೆ ಮಾಡಿಸಬಹುದು. ಅದರ ಕಂತು ಕಡಿಮೆ. ಬೀದಿಯಲ್ಲಿ ನಿಲ್ಲಿಸಿ ಹೋಗುವ ಸ್ಕೂಟರು, ಕಾರುಗಳಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಕಳವಿಗೆ ಪರಿಹಾರ ಇಲ್ಲ. ಪೂರ್ಣ ವಿಮೆ ಇದ್ದರೂ ಕ್ಲೇಮಿನ ವೇಳೆ ಎರಡೂ ಕೀಲಿಗಳನ್ನು ಕೇಳುತ್ತಾರೆ. ಎರಡನೆಯದು ಎಲ್ಲಿದೆ ಎಂದು ಈಗಲೇ ನೋಡಿಡಿ.

ಅಡುಗೆ ಅನಿಲದ ವಿಮೆ

ನೋಂದಾಯಿತ ಗ್ರಾಹಕರ ಮನೆಯಲ್ಲಿ ಅನಿಲ ಅಪಘಾತವಾದರೆ ತೈಲ ಕಂಪನಿಗಳು ಮಾಡಿಸಿರುವ ಸಾರ್ವಜನಿಕ ಹೊಣೆಗಾರಿಕೆ ವಿಮೆಯಿಂದ ಪರಿಹಾರ ಇದೆ: ಮರಣಕ್ಕೆ ತಲಾ 6 ಲಕ್ಷ, ಚಿಕಿತ್ಸೆಗೆ ತಲಾ 2 ಲಕ್ಷದವರೆಗೆ, ಆಸ್ತಿ ಹಾನಿಗೆ 2 ಲಕ್ಷದವರೆಗೆ. ಇದಕ್ಕೆ ಗ್ರಾಹಕರು ಬೇರೆ ಕಂತು ಕಟ್ಟಬೇಕಾಗಿಲ್ಲ. ಆದರೂ ಹೊರಡುವಾಗ ರೆಗ್ಯುಲೇಟರನ್ನು ಸಿಲಿಂಡರಿನಿಂದ ತೆಗೆದು ಸುರಕ್ಷಾ ಮುಚ್ಚಳ ಹಾಕಲು ಮರೆಯಬೇಡಿ.

ಕಳ್ಳತನವಾಗಿದೆ ಎಂದು ತಿಳಿದರೆ

1. ಒಳಗೆ ಹೋಗಿ ಸಾಮಾನು ಜೋಡಿಸಬೇಡಿ. ಬೆರಳಚ್ಚು ಅಳಿಸಿ ಹೋಗಬಹುದು. ಬಾಗಿಲು, ಬೀಗ, ಬೀರು ಇದ್ದಂತೆಯೇ ಫೋಟೋ ತೆಗೆಯಿರಿ.

2. 112ಕ್ಕೆ ಕರೆ ಮಾಡಿ. ನೀವು ಊರಿನಲ್ಲಿರುವಾಗ ನೆರೆಯವರಿಂದ ಸುದ್ದಿ ಬಂದರೆ ಗಾಬರಿ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಮಂಗಳೂರು, ಉಡುಪಿಯ ಠಾಣೆಯಲ್ಲಿ ಕೊಟ್ಟರೂ ನಡೆಯುತ್ತದೆ. ಇ-ಮೇಲ್ ಮುಂತಾದ ವಿದ್ಯುನ್ಮಾನ ಮಾರ್ಗದಿಂದ ಕೊಟ್ಟರೆ 3 ದಿನಗಳೊಳಗೆ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ.

3. ಅದೇ ದಿನ ವಿಮಾ ಕಂಪನಿಗೆ ತಿಳಿಸಿ, ಕ್ಲೇಮು ನಂಬರು ಬರೆದುಕೊಳ್ಳಿ. ಸರ್ವೇಯರ್ ಬಂದು ನೋಡುವವರೆಗೆ ಮುರಿದ ಬಾಗಿಲಿನ ಭಾಗಗಳನ್ನು ಎಸೆಯಬೇಡಿ.

4. ದೂರಿನಲ್ಲಿ ಬರೆದ ಪಟ್ಟಿ ಮತ್ತು ಕ್ಲೇಮಿನ ಪಟ್ಟಿ ಒಂದೇ ಆಗಿರಲಿ. ಇಲ್ಲದ್ದನ್ನು ಸೇರಿಸಬೇಡಿ. ಒಂದು ಸುಳ್ಳು ವಸ್ತುವಿನಿಂದ ನಿಜವಾದ ಕ್ಲೇಮೂ ಬಿದ್ದುಹೋಗಬಹುದು. ಮೇಲಾಗಿ ಅದು ಅನ್ಯಾಯ.

5. ಕಳ್ಳ ಪತ್ತೆಯಾಗದಿದ್ದರೆ ಪೊಲೀಸರು ನ್ಯಾಯಾಲಯಕ್ಕೆ 'ಸಿ' ವರದಿ ಸಲ್ಲಿಸುತ್ತಾರೆ. ವಿಮಾ ಕಂಪನಿಗಳು ಇದನ್ನು ಕೇಳುವುದುಂಟು. ಠಾಣೆಗೆ ಹೋಗಿ ವಿಚಾರಿಸುತ್ತಿರಿ.

ಒಡವೆ ಸಿಕ್ಕಿದರೂ ಅದು ನಿಮ್ಮದೆಂದು ತೋರಿಸಬೇಕು. ಆದ್ದರಿಂದ ರಸೀದಿಗಳ ಪ್ರತಿ, ಒಡವೆಗಳ ಫೋಟೋ, ಟಿವಿ ಮತ್ತು ಲ್ಯಾಪ್‌ಟಾಪಿನ ಸೀರಿಯಲ್ ನಂಬರುಗಳನ್ನು ಮನೆಯ ಹೊರಗೆ ಇನ್ನೊಂದು ಕಡೆ ಇಡಿ. ರಸೀದಿ ಕಳೆದುಹೋದ ಹಳೆಯ ಒಡವೆಗೆ ಮದುವೆ ಫೋಟೋಗಳೂ ಸಹಾಯಕ್ಕೆ ಬರುತ್ತವೆ.

ಕ್ಲೇಮು ತಿರಸ್ಕೃತವಾದರೆ

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ಪ್ರಾಧಿಕಾರದ 'ಬಿಮಾ ಭರೋಸಾ' ವ್ಯವಸ್ಥೆಯಲ್ಲಿಯೂ ದೂರು ದಾಖಲಿಸಬಹುದು, ದೂರವಾಣಿ 155255. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನ ಜೆ.ಪಿ. ನಗರ 1ನೇ ಹಂತದ ಜೀವನ್ ಸೌಧ ಕಟ್ಟಡದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಡ. 50 ಲಕ್ಷ ರೂಪಾಯಿವರೆಗಿನ ಪರಿಹಾರವನ್ನು ಅವರು ವಿಧಿಸಬಹುದು. ಕಂಪನಿಯ ತಿರಸ್ಕಾರದ ಪತ್ರ ಬಂದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು.

ಗುರಿಕಾರರು ಮತ್ತು ಯಾತ್ರೆಯ ಸಂಘಟಕರ ಗಮನಕ್ಕೆ

ವೇಳಾಂಕಣಿಗೆ ಬಸ್ಸು ಹೊರಡಿಸುವಾಗ ಪ್ರಯಾಣಿಕರ ಹೆಸರು, ವಿಳಾಸ, ದಿನಾಂಕಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸುವುದು, ವಾಟ್ಸಾಪ್ ಗುಂಪಿಗೆ ಹಾಕುವುದು ಬೇಡ. ಖಾಲಿ ಮನೆಗಳ ಪಟ್ಟಿಯನ್ನು ನಾವೇ ಹಂಚಿದಂತೆ ಆಗುತ್ತದೆ. ಪಟ್ಟಿ ಸಂಘಟಕರ ಬಳಿ ಮಾತ್ರ ಇರಲಿ. ವಾಳೆಯಲ್ಲಿ ಹೊರಟವರ ಮನೆಯ ಕಡೆ ದಿನಕ್ಕೊಮ್ಮೆ ಕಣ್ಣು ಹಾಯಿಸಲು ಒಬ್ಬರನ್ನು ನೇಮಿಸಿದರೆ ಒಳ್ಳೆಯದು. ಒಂಟಿಯಾಗಿರುವ ವೃದ್ಧರಿಗೆ ಪಾಲಿಸಿ ಓದಿ ಹೇಳಲು ವಿಮೆ, ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದವರು ಮುಂದೆ ಬಂದರೆ ಅದೊಂದು ದೊಡ್ಡ ಸೇವೆ.

ಬಾಗಿಲು ಹಾಕುವ ಮುನ್ನ ಕೊನೆಯ ನೋಟ

- ಅನಿಲದ ರೆಗ್ಯುಲೇಟರು ತೆಗೆದಿದೆಯೇ? ನೀರಿನ ಮೋಟಾರು ಮತ್ತು ಪ್ಲಗ್ಗುಗಳು ಬಂದ್ ಆಗಿವೆಯೇ?
- ತಾರಸಿ ಮತ್ತು ಹಿಂಬಾಗಿಲಿಗೆ ಬೀಗ ಹಾಕಿದೆಯೇ?
- ಹೊರಗೆ ಎಲ್ಲಿಯೂ ಕೀಲಿ ಉಳಿದಿಲ್ಲವಷ್ಟೆ?
- ಪತ್ರಿಕೆ, ಹಾಲು ನಿಲ್ಲಿಸಿದೆಯೇ? ದೀಪಕ್ಕೆ ಟೈಮರ್ ಇದೆಯೇ?
- ಠಾಣೆಗೂ ನೆರೆಯವರಿಗೂ ತಿಳಿಸಿದೆಯೇ?
- ಒಡವೆ ಲಾಕರಿನಲ್ಲಿದೆಯೇ? ಫೋಟೋ ಮತ್ತು ರಸೀದಿ ಬೇರೆ ಕಡೆ ಇದೆಯೇ?
- ಪಾಲಿಸಿಯ ಅವಧಿ ನೀವು ಮರಳುವ ದಿನದವರೆಗೆ ಇದೆಯೇ? ಕನ್ನಗಳವು ಸೇರಿದೆಯೇ? 30 ದಿನ ಮೀರುವುದಾದರೆ ಕಂಪನಿಗೆ ಬರೆದಿದೆಯೇ?

ಕೊನೆಯ ಸಾಲಿನ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಲು ಅರ್ಧ ಗಂಟೆ ಸಾಕು. ಟಿಕೆಟ್ ಕಾದಿರಿಸಿದ ದಿನವೇ ಪಾಲಿಸಿಯನ್ನು ಬೀರುವಿನಿಂದ ಹೊರತೆಗೆದರೆ, ಬೇಕಾದ ರಕ್ಷಣೆಯನ್ನು ಸೇರಿಸಿಕೊಳ್ಳಲು ಸಮಯ ಉಳಿದಿರುತ್ತದೆ.